ಅಣಬೆ ಟೆಂಟಿನ ಗಾಳಿ, ವಾಸನೆ: ಮಾಡಬೇಕಾದ್ದು, ಮಾಡಬಾರದ್ದು

ಮಹಡಿ ಕೋಣೆಯ ಬಾಗಿಲಿಗೆ ಈ ಹಾಳೆ ಅಂಟಿಸಿದ್ದೇನೆ. ಓದದೆ ಒಳಗೆ ಕಾಲಿಡಬೇಡಿ. ಸಂಘದ 12 ಮಂದಿಯೂ ಸರದಿಯ ಮೇಲೆ ಈ ಬೀಗ ತೆಗೆಯುವವರೇ. ಒಬ್ಬರು ಉದಾಸೀನ ಮಾಡಿದರೆ ಉಳಿದ 11 ಮಂದಿಯ ಬೆಳೆಗೂ ಪೆಟ್ಟು. ಒಳಗಿರುವುದು 5 ಅಡಿ ಉದ್ದ, 5 ಅಡಿ ಅಗಲ, 6 ಅಡಿ ಎತ್ತರದ ಬಟ್ಟೆ ಟೆಂಟು, ಅದರಲ್ಲಿ ಭತ್ತದ ಹುಲ್ಲಿನ ಚೀಲಗಳಲ್ಲಿ ಬೆಳೆಯುವ ಚಿಪ್ಪಣಬೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ತಂದ ಬೀಜ ಎಷ್ಟೇ ಒಳ್ಳೆಯದಿದ್ದರೂ ಗಾಳಿ ಕೆಟ್ಟರೆ ಬೆಳೆ ಕೆಟ್ಟಿತು.

ಮೊದಲು ಒಂದು ಮಾತು ಬಿಡಿಸಿ ಹೇಳಬೇಕು. ಈ ಟೆಂಟು ಮಾರುಕಟ್ಟೆಗೆ ಬಂದದ್ದು ಗಿಡ ಬೆಳೆಸುವವರಿಗಾಗಿ. ಅವರ ವಿಡಿಯೋ ನೋಡಿ ಫ್ಯಾನಿನ ಗುಂಡಿ ತಿರುಗಿಸಬೇಡಿ. ಗಿಡಕ್ಕೆ ಇಂಗಾಲದ ಡೈಆಕ್ಸೈಡ್ ಊಟ. ಅಣಬೆ ನಮ್ಮ ಹಾಗೆ, ಆಮ್ಲಜನಕ ಎಳೆದುಕೊಂಡು ಅದೇ ಡೈಆಕ್ಸೈಡನ್ನು ಹೊರಬಿಡುತ್ತದೆ. ಅವರಿಗೆ ಒಳಗೆ ಉಳಿಸಿಕೊಳ್ಳಬೇಕಾದ್ದು ನಮಗೆ ಹೊರಗೆ ಹಾಕಬೇಕಾದ್ದು. ಅವರ ಕಣ್ಣು ಕುಕ್ಕುವ ದೀಪವೂ ನಮಗೆ ಬೇಡ. ಪತ್ರಿಕೆ ಓದುವಷ್ಟು ಬೆಳಕು ಸಾಕು.

ಗಾಳಿ: ಮಾಡಬೇಕಾದ್ದು

ಬೀಜ ಹಾಕಿದ ಚೀಲಗಳನ್ನು ಮೊದಲ 15ರಿಂದ 20 ದಿನ ಕೋಣೆಯ ಕತ್ತಲ ಮೂಲೆಯ ಅಟ್ಟಣಿಗೆಯಲ್ಲೇ ಇಡಿ. ಬಿಳಿ ಎಳೆ ಹುಲ್ಲನ್ನೆಲ್ಲ ಸುತ್ತಿಕೊಳ್ಳುವ ಕಾಲ ಅದು. ಆಗ ಡೈಆಕ್ಸೈಡ್ ಎಷ್ಟಿದ್ದರೂ ಅಣಬೆಗೆ ಚಿಂತೆಯಿಲ್ಲ. ಆದರೆ ಚೀಲಕ್ಕೆ ಚೀಲ ಒತ್ತಿಡಬೇಡಿ, ನಡುವೆ ಅಂಗೈ ಅಗಲ ಜಾಗವಿರಲಿ. ಹುಲ್ಲು ತನ್ನಷ್ಟಕ್ಕೇ ಬಿಸಿಯಾಗುತ್ತದೆ. ಆ ಬಿಸಿ ಸಿಕ್ಕಿಹಾಕಿಕೊಂಡರೆ ನಡುವಿನ ಚೀಲಗಳಲ್ಲಿ ಬೀಜವೇ ಬೆಂದುಹೋಗುತ್ತದೆ.

ಚೀಲ ಪೂರ್ತಿ ಬೆಳ್ಳಗಾಗಿ ಟೆಂಟಿಗೆ ಬಂದ ದಿನದಿಂದ ಲೆಕ್ಕ ಬೇರೆ. ಮೊಗ್ಗು ಒಡೆಯಬೇಕಾದರೆ ಹೊಸ ಗಾಳಿ ಬೇಕೇ ಬೇಕು. ಬಯಲಿನ ಗಾಳಿಯಲ್ಲಿ ಹತ್ತು ಲಕ್ಷ ಭಾಗಕ್ಕೆ 420 ಭಾಗದ ಆಸುಪಾಸು ಡೈಆಕ್ಸೈಡ್ ಇರುತ್ತದೆ. ಟೆಂಟಿನೊಳಗೆ ಅದು 1,000 ದಾಟದಂತೆ ನೋಡಿಕೊಳ್ಳುವುದೇ ಸರದಿಯವರ ಮುಖ್ಯ ಕೆಲಸ. ಮೀಟರ್ ಇಲ್ಲವೆಂದು ಗೋಳಾಡಬೇಡಿ, ಅಣಬೆಯೇ ಮೀಟರು. ಕೊಡೆ ಅಗಲವಾಗಿ ಕಾಲು ಗಿಡ್ಡವಿದ್ದರೆ ಗಾಳಿ ಸರಿಯಿದೆ. ಕಾಲು ಕಡ್ಡಿಯಂತೆ ಉದ್ದ ಎಳೆದು, ತುದಿಯಲ್ಲಿ ಗುಂಡುಸೂಜಿ ತಲೆಯಷ್ಟೇ ಕೊಡೆ ಕೂತಿದ್ದರೆ ಅದು ಉಸಿರಿಗಾಗಿ ಕತ್ತು ಚಾಚುತ್ತಿದೆ ಎಂದು ತಿಳಿಯಿರಿ. ಅಂಥ ಅಣಬೆಯನ್ನು ಸಂತೆಯಲ್ಲಿ ಯಾರೂ ಕೊಳ್ಳುವುದಿಲ್ಲ.

ಫ್ಯಾನಿನ ಲೆಕ್ಕ ಹೀಗೆ. ಟೆಂಟಿನ ಒಳಗು 150 ಘನ ಅಡಿ. ಗಂಟೆಗೆ 6 ಸಲ ಗಾಳಿ ಬದಲಾಗಬೇಕೆಂದರೆ 900 ಘನ ಅಡಿ ಹೊರಹೋಗಬೇಕು. ನಮ್ಮ ಫ್ಯಾನಿನ ಮೇಲೆ ನಿಮಿಷಕ್ಕೆ 100 ಘನ ಅಡಿ ಎಂದು ಬರೆದಿದೆ. ಆ ಅಂಕಿ ನಂಬಿ 9 ನಿಮಿಷ ಓಡಿಸಿ ನಿಲ್ಲಿಸಬೇಡಿ. ಬಲೆ, ಕೊಳವೆ, ಫಿಲ್ಟರ್ ಎಲ್ಲ ಸೇರಿ ಅದರ ಉಸಿರು ಕಟ್ಟುತ್ತವೆ. ಅರ್ಧ ಮಾತ್ರ ಹೋಗುತ್ತದೆಂದು ಹಿಡಿಯಿರಿ. ಹಾಗಾಗಿ ಟೈಮರನ್ನು 20 ನಿಮಿಷಕ್ಕೊಮ್ಮೆ 6 ನಿಮಿಷಕ್ಕೆ ಇಟ್ಟಿದ್ದೇನೆ. ಒಂದೇ ಸಮ 18 ನಿಮಿಷ ಓಡಿಸಿದರೆ ಗಾಳಿಯ ಲೆಕ್ಕವೇನೋ ಸರಿಹೋಗುತ್ತದೆ, ಆದರೆ ಒಳಗಿನ ತೇವ ಹಾರಿ ಮೊಗ್ಗು ಒಣಗುತ್ತದೆ. ತೇವಾಂಶ ಶೇ. 80ರಿಂದ 90ರ ನಡುವೆ ನಿಲ್ಲಬೇಕು. ಟೆಂಟಿನಲ್ಲಿ ಚೀಲ ಹೆಚ್ಚಿಸಿದವರು ಟೈಮರನ್ನೂ ಹೆಚ್ಚಿಸಿ, ನನಗೂ ತಿಳಿಸಿ.

ಫ್ಯಾನು ಗಾಳಿಯನ್ನು ಹೊರಗೆ ಎಳೆಯುವಂತೆಯೇ ಇರಬೇಕು, ಒಳಗೆ ಊದುವಂತೆ ಅಲ್ಲ. ಅದು ಓಡುವಾಗ ಟೆಂಟಿನ ಬಟ್ಟೆ ಒಳಕ್ಕೆ ಸ್ವಲ್ಪ ಜಗ್ಗಿರಬೇಕು. ಹಾಗಿದ್ದರೆ ಹೊಲಿಗೆ ಸಂದಿಯಿಂದಲೂ ಗಾಳಿ ಒಳಗೇ ಬರುತ್ತದೆ, ವಾಸನೆ ಹೊರಗೆ ನುಸುಳುವುದಿಲ್ಲ. ಬಟ್ಟೆ ಹೊರಕ್ಕೆ ಉಬ್ಬಿದೆಯೆಂದರೆ ಯಾರೋ ಫ್ಯಾನನ್ನು ತಿರುಗಾಮುರುಗಾ ಸಿಕ್ಕಿಸಿದ್ದಾರೆ. ಗಾಳಿ ಬರುವ ಕಿಂಡಿ ಒಂದು ಬದಿಯಲ್ಲಿ ಕೆಳಗೆ, ಹೋಗುವ ಕೊಳವೆ ಎದುರು ಬದಿಯಲ್ಲಿ ಮೇಲೆ. ಎರಡೂ ಅಕ್ಕಪಕ್ಕ ಇದ್ದರೆ ಬಂದ ಗಾಳಿ ಬಂದ ದಾರಿಗೇ ಸುಂಕವಿಲ್ಲದೆ ಹೊರಟುಹೋಗುತ್ತದೆ. ಒಳಬರುವ ಕಿಂಡಿಗೆ ಸಣ್ಣ ಕಣ್ಣಿನ ನೈಲಾನ್ ಬಲೆ ಕಡ್ಡಾಯ. ಸೊಳ್ಳೆ ಪರದೆ ಸಾಲದು, ಅಣಬೆ ನೊಣ ಸೊಳ್ಳೆಗಿಂತ ಚಿಕ್ಕದು. ಬಲೆಯ ಮೇಲಿನ ದೂಳನ್ನು ವಾರಕ್ಕೊಮ್ಮೆ ತೊಳೆಯಿರಿ.

ಗಾಳಿ: ಮಾಡಬಾರದ್ದು

ಟೆಂಟಿನಿಂದ ಎಳೆದ ಗಾಳಿಯನ್ನು ಕೋಣೆಗೇ ಬಿಡಬಾರದು. ಕಳೆದ ತಿಂಗಳು ಯಾರೋ ಕೊಳವೆ ಕಿತ್ತು ಕೋಣೆಯ ಮೂಲೆಗೆ ತಿರುಗಿಸಿದ್ದರು, ಮಳೆ ನೀರು ಬರುತ್ತದೆಂದು. ಟೆಂಟು ಬಿಟ್ಟ ಉಸಿರನ್ನೇ ಟೆಂಟು ಮತ್ತೆ ಎಳೆದುಕೊಂಡಿತು, ಗೋಡೆಯ ಸುಣ್ಣ ಹಪ್ಪಳದಂತೆ ಎದ್ದಿತು. ಮನೆ ಮಾಲೀಕರಿಗೆ ನಾನು ಕೈ ಮುಗಿದದ್ದು ನನಗೆ ಗೊತ್ತು. ಕೊಳವೆ ಕಿಟಕಿಯ ಹೊರಗೇ ಹೋಗಬೇಕು, ಹೊರಗಿನ ತುದಿ ಒಂದಿಷ್ಟು ಇಳಿಜಾರಾಗಿರಬೇಕು. ಆಗ ಮಳೆಯೂ ಒಳಬಾರದು, ಕೊಳವೆಯಲ್ಲಿ ಕಟ್ಟಿದ ನೀರೂ ಫ್ಯಾನಿನ ಮೇಲೆ ತೊಟ್ಟಿಕ್ಕದು.

ಬಚ್ಚಲುಮನೆ ಶಾಫ್ಟಿಗೂ ಮೆಟ್ಟಿಲ ಕಡೆಗೂ ಬಿಡಬಾರದು. ಶಾಫ್ಟಿಗೆ ಬಿಟ್ಟದ್ದು ಮೇಲಿನ ಮನೆಯವರ ಬಚ್ಚಲ ಕಿಟಕಿಯಲ್ಲಿ ಏಳುತ್ತದೆ.

ಚೀಲದ ಮೇಲೆ ನೇರವಾಗಿ ಟೇಬಲ್ ಫ್ಯಾನು ತಿರುಗಿಸಬಾರದು. ಕರೆಂಟು ಹೋದಾಗ ಟೆಂಟಿನ ಜಿಪ್ ಮುಚ್ಚಿಡಬಾರದು. ಅರ್ಧ ತೆರೆದು, ಒದ್ದೆ ಗೋಣಿತಾಟು ಇಳಿಬಿಡಿ. ಏಪ್ರಿಲ್ ಬಿಸಿಲಲ್ಲಿ ಫ್ಯಾನು ಹೆಚ್ಚು ಓಡಿಸಿದರೆ ತಂಪಾಗುತ್ತದೆಂಬ ಭ್ರಮೆ ಬೇಡ. ಅದು ತರುವುದು ಹೊರಗಿನ ಬಿಸಿಗಾಳಿಯನ್ನೇ. ಬೇಸಿಗೆಯ ಎರಡು ತಿಂಗಳು ಚಿಪ್ಪಣಬೆ ಬಿಟ್ಟು, 30 ಡಿಗ್ರಿಯ ಮೇಲೂ ಬರುವ ಹಾಲಣಬೆ ಹಾಕುವುದೆಂದು ತೀರ್ಮಾನವಾಗಿದೆ. ಅದರ ಚರ್ಚೆ ಮತ್ತೆ ತೆಗೆಯಬೇಡಿ.

ಸ್ವಿಚ್ ಬೋರ್ಡು, ಎಕ್ಸ್‌ಟೆನ್ಶನ್ ಡಬ್ಬಿ ನೆಲದ ಮೇಲೆ ಇಡಬಾರದು. ಒದ್ದೆ ಕೈಯಲ್ಲಿ ಟೈಮರ್ ಮುಟ್ಟಬಾರದು. ಇದಕ್ಕೆ ವಿವರಣೆ ಬೇಕಿಲ್ಲ.

ವಾಸನೆ: ಮೊದಲು ಮೂಸಿ, ಆಮೇಲೆ ಮಾತಾಡಿ

ಪಕ್ಕದ ಮನೆಯವರು ವಾಸನೆಯೆಂದು ಜಗಳಕ್ಕೆ ಬಂದಾಗ ನಾವೆಲ್ಲ ಟೆಂಟಿನ ಮೇಲೆ ಗೂಬೆ ಕೂರಿಸಿದೆವು. ಕಾರ್ಬನ್ ಫಿಲ್ಟರ್ ತಂದೆವು, ದುಡ್ಡು ಸುರಿದೆವು. ವಾಸನೆ ಹೋಗಲಿಲ್ಲ. ಕೊನೆಗೆ ನೋಡಿದರೆ ಅಪರಾಧಿ ನಾನೇ. ಹುಲ್ಲು ನೆನೆಸಿದ ಡ್ರಮ್ಮಿನ ನೀರನ್ನು ಚೆಲ್ಲದೆ ಎರಡು ದಿನ ಮೆಟ್ಟಿಲ ಕೆಳಗೆ ಬಿಟ್ಟಿದ್ದೆ. ಹುಲ್ಲು ನೆನೆಯಬೇಕಾದ್ದು ಒಂದು ರಾತ್ರಿ ಮಾತ್ರ, 12 ಗಂಟೆ ದಾಟಬಾರದು. ಆ ನೀರನ್ನು ಬೆಳಗ್ಗೆಯೇ ತೆಂಗಿನ ಬುಡಕ್ಕೆ ಹಾಕಿ. ಆಮೇಲೆ ಹುಲ್ಲನ್ನು 80 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟು, ಹಿಂಡಿದರೆ ಹನಿ ಬೀಳದಷ್ಟು ಸೋಸಿ, ನಂತರವೇ ಚೀಲಕ್ಕೆ ತುಂಬಿ. ನಮ್ಮ ವಾಸನೆಯ ಮುಕ್ಕಾಲು ಪಾಲು ಇಲ್ಲೇ ತೀರುತ್ತದೆ.

ಆರೋಗ್ಯವಾದ ಚೀಲಕ್ಕೂ ವಾಸನೆ ಇದೆ. ಮೊದಲ ಮಳೆ ಬಿದ್ದ ಮಣ್ಣಿಗೆ ತುಸು ಸೋಂಪು ಬೆರೆಸಿದಂತಿರುತ್ತದೆ, ಹಿತವಾಗಿಯೇ ಇರುತ್ತದೆ. ಹಳಸಿದ ಗಂಜಿಯ ಹುಳಿ ವಾಸನೆ ಬಂದರೆ ಹುಲ್ಲಿನಲ್ಲಿ ನೀರು ಹೆಚ್ಚಾಗಿ ಬ್ಯಾಕ್ಟೀರಿಯಾ ಹೊಕ್ಕಿದೆ. ಚೀಲದ ತಳಕ್ಕೆ ತೂತು ಹಾಕಿ, ಬಸಿಯಲು ಬಿಡಿ, ಎರಡು ದಿನ ನೋಡಿ. ಹಳೆಯ ಕೊಟ್ಟಿಗೆಯ ಘಾಟು ಮೂಗಿಗೆ ಹೊಡೆದರೆ ಅದು ಅಮೋನಿಯಾ, ಒಳಗೆ ಕೊಳೆಯುತ್ತಿದೆ. ಚರಂಡಿಯ ನಾತ ಬಂದರೆ ನೋಡುವುದೇನೂ ಉಳಿದಿಲ್ಲ, ಚೀಲ ಹೊರಗೆ. ಎಲ್ಲಕ್ಕಿಂತ ಮೋಸದ್ದು ಕೊಬ್ಬರಿ ವಾಸನೆ. ಯಾರೋ ಅಡುಗೆ ಮಾಡುತ್ತಿದ್ದಾರೆಂದು ಸುಮ್ಮನಾಗಬೇಡಿ. ಅದು ಹಸಿರು ಬೂಷ್ಟಿನದು, ಟ್ರೈಕೋಡರ್ಮಾದ್ದು. ಹುಡುಕಿ, ಆ ಚೀಲದ ಬಾಯಿ ಬಿಚ್ಚದೆ ಇನ್ನೊಂದು ಚೀಲದಲ್ಲಿ ಕಟ್ಟಿ, ಕೆಳಗಿಳಿಸಿ, ಕೈ ತೊಳೆದ ಮೇಲೆಯೇ ಟೆಂಟಿಗೆ ಮರಳಿ.

ಇಷ್ಟು ಹೇಳಿದ್ದು ಒಂದೇ ಕಾರಣಕ್ಕೆ. ವಾಸನೆ ಚೀಲ ಕೊಡುವ ವರದಿ. ಅದನ್ನು ಮುಚ್ಚಿಹಾಕಿದವರು ವರದಿ ಹರಿದು ಹಾಕಿದಂತೆ. ಊದುಬತ್ತಿ, ಸಾಂಬ್ರಾಣಿ, ಕರ್ಪೂರ, ಫಿನಾಯಿಲ್, ನುಸಿಗುಳಿಗೆ, ಸೊಳ್ಳೆ ಬತ್ತಿ, ಪರಿಮಳದ ಸ್ಪ್ರೇ ಯಾವುದೂ ಈ ಬಾಗಿಲು ದಾಟಬಾರದು. ನಾಳೆ ಕೊಯ್ದು ಸಾರಿಗೆ ಹಾಕುವ ವಸ್ತುವಿನ ಮೇಲೆ ಇವೆಲ್ಲ ಕೂರುತ್ತವೆ. ಓಝೋನ್ ಬಿಡುವ ಯಂತ್ರ ತಂದುಕೊಡುತ್ತೇನೆಂದ ಉದಾರಿಗಳಿಗೂ ಇದೇ ಉತ್ತರ: ವಾಸನೆ ಕೊಲ್ಲುವಷ್ಟು ಓಝೋನ್ ನಮ್ಮ ಶ್ವಾಸಕೋಶಕ್ಕೂ ಆಗಿಬರುವುದಿಲ್ಲ.

ಕೋಣೆ ತೊಳೆಯಲು ಬ್ಲೀಚಿಂಗ್ ಪೌಡರ್ ನೀರು ಸಾಕು, ಅದೂ ಟೆಂಟು ಖಾಲಿಯಿರುವಾಗ. ಅದರ ಜೊತೆ ಕಕ್ಕಸು ತೊಳೆಯುವ ಆಸಿಡ್ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ, ಎಂದಿಗೂ ಬೆರೆಸಬಾರದು. ಫಾರ್ಮಲಿನ್ ಹಳೆಯ ಕೈಪಿಡಿಗಳಲ್ಲಿ ಇದೆಯೆಂದು ವಾದಿಸಬೇಡಿ. ಅದು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿಯಾಗಿದೆ. ಮುಚ್ಚಿದ ಕೋಣೆಯಲ್ಲಿ ಅದನ್ನು ಬಳಸಲು ನಾನು ಯಾರಿಗೂ ಬಿಡುವುದಿಲ್ಲ.

ಕಾರ್ಬನ್ ಫಿಲ್ಟರ್ ಬಗ್ಗೆ

ತಂದಾಗಿದೆ, ಇಟ್ಟುಕೊಳ್ಳೋಣ. ಅದರೊಳಗಿರುವುದು ಸಂಸ್ಕರಿಸಿದ ಇದ್ದಿಲು, ಅದರ ಕಣ್ಣಿಗೆ ಕಾಣದ ರಂಧ್ರಗಳು ವಾಸನೆಯ ಕಣಗಳನ್ನು ಹಿಡಿದಿಡುತ್ತವೆ. ಆದರೆ ಗಾಳಿಯ ತೇವ ಶೇ. 70 ದಾಟಿತೆಂದರೆ ಆ ರಂಧ್ರಗಳಲ್ಲಿ ನೀರೇ ಬಂದು ಕೂರುತ್ತದೆ. ನಮ್ಮ ಟೆಂಟಿನಲ್ಲಿ ತೇವ ಅದಕ್ಕಿಂತ ಕೆಳಗಿಳಿಯುವುದೇ ಇಲ್ಲ. ಆದ್ದರಿಂದ ಅದನ್ನು ಟೆಂಟಿನೊಳಗೆ ನೇತುಹಾಕಬೇಡಿ. ಕಿಟಕಿಯ ತುದಿಯಲ್ಲಿಡಿ, ಮುಂದೆ ಬಟ್ಟೆಯ ಜಾಲರಿ ಕಟ್ಟಿ. ಇಲ್ಲದಿದ್ದರೆ ಅಣಬೆಯ ಪುಡಿ ಒಂದೇ ಬೆಳೆಗೆ ಅದನ್ನು ಮುಚ್ಚಿಬಿಡುತ್ತದೆ. ಬಿಸಿಲಿಗಿಟ್ಟರೆ ಹೊಸದಾಗುತ್ತದೆ ಎಂಬುದು ಸುಳ್ಳು, ಬಿಸಿಲಿಗೆ ಹೋಗುವುದು ನೀರು, ವಾಸನೆಯಲ್ಲ. ಫಿಲ್ಟರ್ ದಾಟಿಯೂ ವಾಸನೆ ಬಂದ ದಿನ ಬದಲಾಯಿಸಿ. ಡೈಆಕ್ಸೈಡನ್ನು ಅದು ಹಿಡಿಯುವುದಿಲ್ಲ, ಅಮೋನಿಯಾವನ್ನೂ ಸರಿಯಾಗಿ ಹಿಡಿಯುವುದಿಲ್ಲ. ಒಟ್ಟಿನಲ್ಲಿ ನೋಡಿದರೆ ಚೀಲ ಚೆನ್ನಾಗಿದ್ದವರಿಗೆ ಅದು ಬೇಡ, ಕೆಟ್ಟಿದ್ದವರಿಗೆ ಸಾಲದು. ನಾವು ಇಟ್ಟುಕೊಂಡಿರುವುದು ನೆರೆಯವರ ಸಮಾಧಾನಕ್ಕೆ.

ಬಿಳಿ ಪುಡಿ

ಇದು ವಾಸನೆಗಿಂತ ದೊಡ್ಡ ವಿಷಯ. ಕೊಡೆಯ ಅಂಚು ಚಪ್ಪಟೆಯಾಗಿ ಮೇಲಕ್ಕೆ ತಿರುಗುವ ಮುಂಚೆಯೇ ಕೊಯ್ಯಬೇಕು. ಒಂದು ದಿನ ತಡವಾದರೂ ಚೀಲದ ಮೇಲೆ, ನೆಲದ ಮೇಲೆ ಮೈದಾ ಉದುರಿಸಿದಂತೆ ಬಿಳಿ ಪುಡಿ ಬೀಳುತ್ತದೆ. ಅದು ಅಣಬೆಯ ಬೀಜಕಣ. ದಿನವೂ ಎಳೆದುಕೊಂಡವರಿಗೆ ಕೆಮ್ಮು, ಸಂಜೆ ಜ್ವರ, ಮೈಕೈ ನೋವು, ಏದುಸಿರು ಹತ್ತುತ್ತದೆ. ಅಣಬೆ ಕೆಲಸಗಾರರ ಶ್ವಾಸಕೋಶವೆಂದೇ ವೈದ್ಯರು ಇದನ್ನು ಗುರುತಿಸುತ್ತಾರೆ. ಹಾಗಾಗಿ ಕೊಯ್ಲಿಗೆ ಮುಂಚೆ ಫ್ಯಾನು 10 ನಿಮಿಷ ಓಡಲಿ. ಎನ್95 ಮಾಸ್ಕ್ ಹಾಕಿ; ಸೆರಗು, ಟವೆಲು ಮಾಸ್ಕ್ ಅಲ್ಲ. ಪೊರಕೆ ಹಾಕಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಉಬ್ಬಸ ಇರುವವರು ಕೆಳಗೆ ಕೂತು ಪ್ಯಾಕಿಂಗ್ ಮಾಡಲಿ, ಕೂಲಿ ಅಷ್ಟೇ ಸಿಗುತ್ತದೆ. ಜ್ವರವೆಂದು ಡಾಕ್ಟರ ಬಳಿ ಹೋದವರು ಅಣಬೆ ಕೋಣೆಯಲ್ಲಿ ಕೆಲಸ ಎಂಬುದನ್ನು ತಪ್ಪದೆ ಹೇಳಿ, ಅವರಾಗಿ ಕೇಳುವುದಿಲ್ಲ. ಮಕ್ಕಳನ್ನು ಒಳಗೆ ಕರೆತರಬೇಡಿ. ಮನೆಯಲ್ಲಿ ಸ್ವಂತ ಟೆಂಟು ಹಾಕುವ ಆಸೆಯಿದ್ದವರು ಮಲಗುವ ಕೋಣೆಯಲ್ಲಿ ಮಾತ್ರ ಹಾಕಬೇಡಿ.

ಮೂರು ಕೊಯ್ಲು ಮುಗಿದ ಚೀಲ ಅದೇ ದಿನ ಇಳಿಯಬೇಕು. ಇನ್ನೊಂದು ಕೊಯ್ಲು ಬರಬಹುದೆಂಬ ಆಸೆಗೆ ಇಟ್ಟುಕೊಂಡ ಹಳೆಯ ಚೀಲವೇ ನೊಣದ ತವರು. ಹುಲ್ಲನ್ನು ಗುಂಡಿಗೆ ಹಾಕಿ ಮೇಲೆ ಮಣ್ಣು ಮುಚ್ಚಿ, ಎರೆಗೊಬ್ಬರ ಮಾಡುವವರು ಬಂದು ಒಯ್ಯುತ್ತಾರೆ.

ಬೀಗ ತೆಗೆದ ಕೂಡಲೇ, ಮಾಸ್ಕ್ ಹಾಕುವ ಮುನ್ನ, ಬಾಗಿಲಲ್ಲಿ ನಿಂತು ಒಮ್ಮೆ ಮೂಸಿ, ಏನನ್ನಿಸಿತೋ ಪಕ್ಕದ ನೋಟ್ ಪುಸ್ತಕದಲ್ಲಿ ಬರೆಯಿರಿ. ನೆಗಡಿಯಾಗಿ ಮೂಗು ಕಟ್ಟಿದವರು ಆ ದಿನ ಸರದಿಗೆ ಬರಬೇಡಿ. ಬೀಗದ ಕೈ ಕೆಳಗಿನ ಮನೆಯಲ್ಲಿದೆ, ಬೇರೊಬ್ಬರನ್ನು ಕಳಿಸಿ.