ಮನೆಯೊಳಗೆ ಮೊಲ ಸಾಕುವವರು ಗಮನಿಸಬೇಕಾದ ಅಂಶಗಳು

ಶಿಕಾರಿಪುರ, ಸೊರಬದ ಕಡೆ ಮಕ್ಕಳ ಆಸೆಗೆಂದು ಒಂದೆರಡು ಮೊಲಗಳನ್ನು ತಂದು ಮನೆಯೊಳಗೇ ಬಿಟ್ಟುಕೊಳ್ಳುವ ರೈತ ಬಾಂಧವರು ಮೊದಲು ಮನೆಯನ್ನು ಅದಕ್ಕೆ ತಕ್ಕಂತೆ ಅಣಿಗೊಳಿಸಬೇಕು. ಭತ್ತದ ಕೊಯ್ಲಿನಲ್ಲಿ ಸಿಕ್ಕ ಕಾಡುಮೊಲದ ಮರಿಯನ್ನು ಮಾತ್ರ ತರಕೂಡದು. ಅದು ಬೇರೆಯೇ ಜಾತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಹಿಡಿಯುವುದು ಅಪರಾಧ.

ಮೊಲದ ಬಾಚಿಹಲ್ಲು ಸಾಯುವವರೆಗೂ ಬೆಳೆಯುತ್ತದೆ. ವರ್ಷಕ್ಕೆ ಸುಮಾರು 10 ಸೆಂ.ಮೀ. ಅದನ್ನು ಸವೆಸಲು ಮೊಲ ಏನನ್ನಾದರೂ ಕಡಿಯಲೇಬೇಕು. ಗದರಿಸಿ ಫಲವಿಲ್ಲ. ಒಣಹುಲ್ಲು, ಪೇರಲದ ಕಡ್ಡಿ ಸದಾ ಕೈಗೆಟುಕುವಂತಿರಲಿ. ಗೋಡೆಯ ಬುಡದಲ್ಲಿ ಹಾದಿರುವ ವಿದ್ಯುತ್ ತಂತಿಗಳನ್ನು ಎರಡು ಅಡಿಗಿಂತ ಮೇಲಕ್ಕೆ ಎತ್ತಿ ಕಟ್ಟಬೇಕು, ಇಲ್ಲವೇ ಗಟ್ಟಿ ಕೊಳವೆಯೊಳಗೆ ಹಾಯಿಸಬೇಕು. ಗೊಬ್ಬರದ ಪ್ಲಾಸ್ಟಿಕ್ ಚೀಲವನ್ನು ಹಾಸಲೇಬಾರದು. ಎಳೆಗಳು ಹೊಟ್ಟೆ ಸೇರಿ ಕರುಳು ಕಟ್ಟುತ್ತದೆ.

ನಮ್ಮ ಮನೆಗಳಲ್ಲಿ ತಂತಿಗಿಂತ ಹೆಚ್ಚಿನ ಅಪಾಯ ಇರುವುದು ಸಾಮಾನಿನ ಕೋಣೆಯಲ್ಲಿ. ಅಡಿಕೆಯ ಕೊಳೆರೋಗಕ್ಕೆ ತಂದಿಟ್ಟ ಮೈಲುತುತ್ತ, ಔಷಧಿ ಲೇಪಿಸಿದ ಬಿತ್ತನೆ ಬೀಜ, ಇಲಿಗೆಂದು ಅಕ್ಕಿಯಲ್ಲಿ ಕಲಸಿಟ್ಟ ಪಾಷಾಣ ಎಲ್ಲವೂ ಅಲ್ಲೇ. ಮೊಲಕ್ಕೆ ವಾಂತಿ ಮಾಡುವ ಶಕ್ತಿಯಿಲ್ಲ. ನುಂಗಿದ ವಿಷ ಒಳಗೇ ಉಳಿಯುತ್ತದೆ. ಆದ್ದರಿಂದ ಈ ಕೋಣೆಯ ಬಾಗಿಲು ಸದಾ ಮುಚ್ಚಿರಬೇಕು. ಮೊಲವಿರುವ ಮನೆಯಲ್ಲಿ ಇಲಿಗೆ ಬೋನು ಸಾಕು, ಪಾಷಾಣ ಬೇಡ. ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಸಿಂಪಡಿಸಿದ ಅಡಿಕೆ ಮರಗಳ ಬುಡದ ಹುಲ್ಲನ್ನು ಕೊಯ್ದು ಹಾಕುವುದುಂಟು. ಇದು ತಪ್ಪು, ಎಲೆಯ ಮೇಲೆ ತೊಟ್ಟಿಕ್ಕಿದ ತಾಮ್ರವೂ ಹೊಟ್ಟೆ ಸೇರುತ್ತದೆ. ಬೇಲಿಯ ಲಂಟಾನ, ಅಂಗಳದ ಕಣಗಿಲೆ ಸಹ ವಿಷವೇ. ಆಷಾಢ ಶ್ರಾವಣದಲ್ಲಿ ಬಣವೆಯಿಂದ ಹಿರಿದ ಹುಲ್ಲಿಗೆ ಬೂಷ್ಟು ಹಿಡಿದಿದ್ದರೆ ಅದನ್ನೂ ಕೊಡಬಾರದು.

ನುಣುಪಾದ ಸಿಮೆಂಟು ನೆಲದಲ್ಲಿ ಮೊಲದ ಕಾಲು ಜಾರುತ್ತದೆ, ಹಿಮ್ಮಡಿ ಹುಣ್ಣಾಗುತ್ತದೆ. ಸೆಣಬಿನ ಗೋಣಿತಟ್ಟು ಹಾಸಿ, ಎಳೆ ಬಿಟ್ಟೊಡನೆ ಬದಲಾಯಿಸಿ. ಮೊಲದ ಬೆನ್ನುಮೂಳೆ ಬಲು ನಾಜೂಕು. ಕಿವಿ ಹಿಡಿದು ಎತ್ತುವ ರೂಢಿ ಬಿಟ್ಟು, ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಗಾಲಿನ ಕೆಳಗೆ ಕೊಟ್ಟು ಎತ್ತಬೇಕೆಂದು ಮಕ್ಕಳಿಗೆ ಮೊದಲೇ ಕಲಿಸಿರಿ.

ಮೊಲ ಚಳಿ ತಡೆದೀತು, ಸೆಖೆ ತಡೆಯದು. ಏಪ್ರಿಲ್ ತಿಂಗಳ ಮಧ್ಯಾಹ್ನ ತಗಡು ಇಲ್ಲವೇ ಸಿಮೆಂಟು ಶೀಟಿನ ಮಾಡಿನ ಕೆಳಗೆ ಇಡದೆ, ಹಂಚಿನ ಮನೆಯ ನಡುಕೋಣೆಯಲ್ಲಿ ನೀರಿನ ಬಟ್ಟಲಿನೊಂದಿಗೆ ಬಿಡಬೇಕು. ರಾತ್ರಿ ಬೆಕ್ಕು, ನಾಯಿ, ಮುಂಗುಸಿ ನುಗ್ಗದಂತೆ ತಂತಿಜಾಲರಿಯ ಗೂಡಿಗೆ ಸೇರಿಸಿ. ಬೆಳಗಿನ ಜಾವ ತನ್ನದೇ ಮೆತ್ತನೆಯ ಹಿಕ್ಕೆಯನ್ನು ತಿಂದರೆ ಗಾಬರಿ ಬೇಡ, ಅದು ಸಹಜ.

ಹನ್ನೆರಡು ಗಂಟೆ ಮೇವು ಮುಟ್ಟದಿದ್ದರೆ ಅಥವಾ ಹಿಕ್ಕೆ ನಿಂತರೆ ನಾಳೆಗೆಂದು ಕಾಯದೆ ಪಶು ಆಸ್ಪತ್ರೆಗೆ ಒಯ್ಯಬೇಕು. ವಿಷದ ಅನುಮಾನವಿದ್ದಲ್ಲಿ ಔಷಧಿಯ ಪೊಟ್ಟಣವನ್ನೂ ಜೊತೆಗೆ ಕೊಂಡೊಯ್ಯಿರಿ.