ಚಳಿಗಾಲದ ಮನೆಗೆ ಅಗ್ಗದ ಹೂವು

ಪ್ರಶ್ನೆ: ಬೆಂಗಳೂರಿನ ಬಾಡಿಗೆ ಮನೆ, ಡಿಸೆಂಬರ್‌ನಲ್ಲಿ ಹಾಲ್ ಮಂಕು. ತಂದ ಗುಲಾಬಿ ಮೂರೇ ದಿನಕ್ಕೆ ಬಾಡುತ್ತದೆ. ಕಡಿಮೆ ಖರ್ಚಿನ ದಾರಿ ಇದೆಯೇ?

ಉತ್ತರ: ಗುಲಾಬಿ ಬಿಡಿ, ಕಾಂಡಸಮೇತ ಸೇವಂತಿಗೆ ತನ್ನಿ, ಚಳಿಯಲ್ಲಿ ವಾರಕ್ಕೂ ಮೀರಿ ನಿಲ್ಲುತ್ತದೆ. ಗ್ಲಾಡಿಯೋಲಸ್ ಆದರೆ ಬುಡದ ಒಂದೆರಡು ಮೊಗ್ಗು ಮಾತ್ರ ಬಣ್ಣ ತೋರಿಸಿದ್ದನ್ನು ಆರಿಸಿ. ಉಳಿದವು ಮನೆಯಲ್ಲೇ ಕೆಳಗಿನಿಂದ ಮೇಲಕ್ಕೆ ಅರಳುತ್ತವೆ, ನೋಡಲು ಅದೇ ಚೆಂದ. ಧನುರ್ಮಾಸದಲ್ಲಿ ಮದುವೆಗಳಿಲ್ಲದ ಕಾರಣ ಕೆ.ಆರ್. ಮಾರುಕಟ್ಟೆಯಲ್ಲಿ ಬೆಲೆ ಸಾಮಾನ್ಯವಾಗಿ ಇಳಿದಿರುತ್ತದೆ. ವೈಕುಂಠ ಏಕಾದಶಿ, ಸಂಕ್ರಾಂತಿಯ ಮುನ್ನಾದಿನ ಮಾತ್ರ ಹೋಗಬೇಡಿ.

ಕಾಂಡದ ತುದಿಯನ್ನು ನೀರಿನೊಳಗೇ ಓರೆಯಾಗಿ ಕತ್ತರಿಸಿ, ನೀರಿಗೆ ತಾಗುವ ಎಲೆ ಕಿತ್ತುಹಾಕಿ, 2 ದಿನಕ್ಕೊಮ್ಮೆ ನೀರು ಬದಲಿಸಿ. ಹೂದಾನಿ ಬಾಳೆಹಣ್ಣಿನ ಪಕ್ಕ ಬೇಡ. ಹಣ್ಣಿನ ಎಥಿಲೀನ್ ಹೂವನ್ನು ಬೇಗ ಬಾಡಿಸುತ್ತದೆ. ಮನೆಯಲ್ಲಿ ಯಾರಿಗಾದರೂ ಸೀನು, ಉಬ್ಬಸ ಶುರುವಾದರೆ ಹೂ ಹೊರಗಿಟ್ಟು ಅಲರ್ಜಿ ತಜ್ಞರನ್ನು ಕಾಣಿ.