ದಿನಕ್ಕೊಂದು ವೈರು ಸಾಕು

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಆಗಲೇ ಉತ್ತರ ಹೇಳಬಹುದಿತ್ತು, ಬೇಕೆಂದೇ ಹೇಳಲಿಲ್ಲ. ಸಿಂಥಸೈಜರ್ ಮನೆಗೆ ಬಂದು ಮೂರು ವಾರ ತುಂಬಿಲ್ಲ, ಆಗಲೇ "ದೊಡ್ಡಪ್ಪ, ಇದರ ಪಕ್ಕಕ್ಕೆ ಇನ್ನೊಂದು ಮಾಡ್ಯೂಲ್ ಯಾವುದು ತಗೊಳ್ಳಲಿ?" ಅಂದೆ. ಏನೂ ತಗೋಬೇಡ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಗುತ್ತದೆ.

ಮೊದಲು ಅದರ ಹೆಸರು ಸರಿಯಾಗಿ ಹೇಳು. ಮೂಗ್ ಅಲ್ಲ, ಮೋಗ್. ರಾಬರ್ಟ್ ಮೋಗ್ ಎಂಬ ಆ ಪುಣ್ಯಾತ್ಮನಿಗೂ ನಮ್ಮ ಮೂಗಿಗೂ ಸಂಬಂಧವಿಲ್ಲ. 1964ರಲ್ಲಿ ಅಮೆರಿಕದಲ್ಲಿ ಅವನು ಕಟ್ಟಲು ಶುರುಮಾಡಿದ ಯಂತ್ರದಲ್ಲಿ ಪ್ರತಿ ಭಾಗವೂ ಬೇರೆ ಬೇರೆ. ವೈರು ಚುಚ್ಚಿ ನೀನೇ ದಾರಿ ಮಾಡಿಕೊಡುವ ತನಕ ಒಂದಕ್ಕೊಂದು ಪರಿಚಯವೇ ಇಲ್ಲ, ಸದ್ದೂ ಇಲ್ಲ. ನಿನ್ನ ಮೇಜಿನ ಮೇಲಿರುವ ಮದರ್-32 ಹಾಗಲ್ಲ. 2015ರಲ್ಲಿ ಬಂದ ಈ ಪೆಟ್ಟಿಗೆಯೊಳಗೆ ಆಸಿಲೇಟರಿನಿಂದ ಫಿಲ್ಟರಿಗೆ, ಫಿಲ್ಟರಿನಿಂದ ಸದ್ದಿನ ಮಟ್ಟ ನೋಡಿಕೊಳ್ಳುವ ವಿಸಿಎಗೆ ಕಟ್ಟಿದವರೇ ದಾರಿ ಹಾಕಿಟ್ಟಿದ್ದಾರೆ. ಸೆಮಿ ಮಾಡ್ಯುಲರ್ ಅನ್ನುವುದು ಅದಕ್ಕೇ. ಬಲಗಡೆ ಸಾಲಾಗಿರುವ 32 ತೂತುಗಳಲ್ಲಿ ಏನೂ ಚುಚ್ಚದಿದ್ದರೂ ಅದು ಹಾಡುತ್ತದೆ.

ಆ ತೂತುಗಳ ಗುಟ್ಟು ನನಗೆ ಹೊಸದಲ್ಲ. ಹಳೆಯ ಟ್ರಾನ್ಸಿಸ್ಟರ್ ರೇಡಿಯೊಗೆ ಇಯರ್‌ಫೋನ್ ಪಿನ್ ಚುಚ್ಚಿದ ತಕ್ಷಣ ಸ್ಪೀಕರ್ ಬಾಯಿ ಮುಚ್ಚುತ್ತಿತ್ತು. ಪಿನ್ ಒಳಗೆ ಹೋದರೆ ಒಂದು ಹಿತ್ತಾಳೆಯ ಎಲೆ ಪಕ್ಕಕ್ಕೆ ಸರಿದು ಸಂಪರ್ಕ ತಪ್ಪುತ್ತಿತ್ತು, ಅಷ್ಟೇ. ಇಂಥ ನೂರಾರು ಎಲೆಗಳನ್ನು ನಾನು ಮರಳುಕಾಗದದಿಂದ ಉಜ್ಜಿದ್ದೇನೆ. ನಿನ್ನ ಪೆಟ್ಟಿಗೆಯ ಎಷ್ಟೋ ತೂತುಗಳು ಮಾಡುವುದೂ ಇದನ್ನೇ: ನೀನು ವೈರು ಚುಚ್ಚಿದರೆ ಒಳಗಿನ ದಾರಿ ಕಳಚಿಕೊಂಡು ನಿನ್ನದು ಕೂಡಿಕೊಳ್ಳುತ್ತದೆ. ಹಾಗಾಗಿ ಯಾವುದೇ ತೂತಿನ ಮುಂದೆ ಕೇಳಬೇಕಾದ್ದು "ಇಲ್ಲಿ ಏನು ಸೇರಿಸಲಿ" ಅಂತಲ್ಲ, "ಇಲ್ಲಿ ಈಗಾಗಲೇ ಏನು ಬರುತ್ತಿದೆ" ಅಂತ. ಮ್ಯಾನ್ಯುಯಲಿನಲ್ಲಿ ಪ್ರತಿಯೊಂದಕ್ಕೂ ಇದು ಬರೆದಿದೆ. ಅದನ್ನು ಓದದೆ ವೀಡಿಯೊ ನೋಡುತ್ತ ಕೂತಿದ್ದೀಯ ಅಂತ ನಿನ್ನಮ್ಮ ಹೇಳಿದಳು.

ಮೊದಲ ವಾರ ವೈರನ್ನು ಡ್ರಾಯರಿನಲ್ಲೇ ಇಡು. ವಿಸಿಎ ಸ್ವಿಚ್ಚನ್ನು 'ಆನ್' ಕಡೆ ತಳ್ಳಿದರೆ ಕೀಲಿ ಒತ್ತದೆಯೂ ಸ್ವರ ನಿಲ್ಲದೆ ಹರಿಯುತ್ತದೆ, ನಿನ್ನ ಪಾಟಿನ ಮೇಷ್ಟ್ರ ಮನೆಯ ಶ್ರುತಿಪೆಟ್ಟಿಗೆ ಥರ. ಕೆಳಗಿನ ಸ್ಥಾಯಿಯ ಷಡ್ಜ ಹಿಡಿ. ಅಲೆಯ ಆಕಾರ ಗರಗಸದ್ದಿರಲಿ. ಫಿಲ್ಟರಿನ ಕಟ್‌ಆಫ್ ಪೂರ್ತಿ ಇಳಿಸಿ, ರೆಸೊನೆನ್ಸನ್ನು ಶಿಳ್ಳೆ ಹೊಡೆಯುವ ಮೊದಲೇ ನಿಲ್ಲಿಸು. ಈಗ ಕಟ್‌ಆಫ್ ಗುಂಡಿಯನ್ನು ಗಡಿಯಾರದ ನಿಮಿಷದ ಮುಳ್ಳಿನಷ್ಟು ನಿಧಾನ ಮೇಲಕ್ಕೆ ತಿರುಗಿಸು. ಗರಗಸದ ಅಲೆಯೊಳಗೆ ಮೂಲ ಸ್ವರದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನದ ಸ್ವರಗಳೆಲ್ಲ ಅಡಗಿ ಕೂತಿರುತ್ತವೆ. ಫಿಲ್ಟರಿನ ಅಂಚು ಹಾದುಹೋಗುವಾಗ ಒಂದೊಂದೂ ತಲೆಯೆತ್ತಿ ನೋಡುತ್ತದೆ: ಮೇಲಿನ ಷಡ್ಜ, ಆಮೇಲೆ ಪಂಚಮ, ಮತ್ತೆ ಷಡ್ಜ, ಅದಾದ ಮೇಲೆ ಐದನೆಯದು, ಅಂತರ ಗಾಂಧಾರ. ಚೆನ್ನಾಗಿ ಜೀವಾಳ ಕೂರಿಸಿದ ತಂಬೂರಿಯಲ್ಲಿ ಯಾರೂ ಮೀಟದೆ ಕೇಳುವ ಗಾಂಧಾರವೇ ಇದು. ನನಗೆ ಮೊದಲ ಸಲ ಕೇಳಿಸಿದಾಗ ರಾತ್ರಿ ಹನ್ನೊಂದಾಗಿತ್ತು, ನಿನ್ನ ದೊಡ್ಡಮ್ಮನನ್ನು ಎಬ್ಬಿಸಿ ಬೈಸಿಕೊಂಡೆ.

ಎರಡನೆಯ ವಾರ ಎಲ್‌ಎಫ್‌ಒ. ಅದೂ ಆಸಿಲೇಟರೇ, ನಿಧಾನದ್ದು. ಅದನ್ನು ಸ್ವರದ ಮೇಲೆ ಸಾಸಿವೆಯಷ್ಟು ಬಿಡು, ಸೆಕೆಂಡಿಗೆ ಐದಾರು ಸಲ ಅಲುಗಲಿ. ಸ್ವರ ನಡುಗುತ್ತದೆ. ಈಗ ವೇಗ ಏರಿಸು. ಇಪ್ಪತ್ತರ ಆಸುಪಾಸಿನವರೆಗೆ ಕಿವಿ ನಡುಕವನ್ನು ನಡುಕವೆಂದೇ ಹಿಡಿಯುತ್ತದೆ, ಅದನ್ನು ದಾಟಿದರೆ ಕೈಚೆಲ್ಲುತ್ತದೆ. ಆಗ ಒಡೆದ ಗಂಟೆಯ ಥರ ಬೇರೆಯೇ ನಾದ. ಈ ಶಾಸ್ತ್ರದ ಅರ್ಧ ಇಲ್ಲಿದೆ. ಸ್ವರ, ನಡುಕ, ತಾಳ ಎಲ್ಲವೂ ಅದೇ ವೋಲ್ಟೇಜು, ವೇಗ ಮಾತ್ರ ಬೇರೆ. ಇದು ತಲೆಗೆ ಹೋಗಬಾರದು, ಕೈಗೆ ಹೋಗಬೇಕು.

ವೈರು ಹಿಡಿದಾಗ ನಿನಗೆ ಬರುವ ಮೊದಲ ಬೇಸರ ನನಗೆ ಗೊತ್ತು. ಎಲ್‌ಎಫ್‌ಒದಿಂದ ನೇರ ಕಟ್‌ಆಫ್ ತೂತಿಗೆ ಚುಚ್ಚುತ್ತೀಯ, ಫಿಲ್ಟರ್ ಹುಚ್ಚು ಹಿಡಿದ ಹಾಗೆ ಕಿರುಚುತ್ತದೆ. ವೈರಿಗೆ ಸ್ವಲ್ಪ ಅನ್ನುವುದು ಗೊತ್ತಿಲ್ಲ, ಬಂದಷ್ಟನ್ನೂ ಸುರಿಯುತ್ತದೆ. ಸಾರಿಗೆ ಉಪ್ಪಿನ ಡಬ್ಬಿಯನ್ನೇ ಬೋರಲು ಹಾಕಿದಂತೆ. ಎಲ್‌ಎಫ್‌ಒವನ್ನು 'ಮಿಕ್ಸ್ 2' ತೂತಿಗೆ ಕೊಡು, 'ವಿಸಿ ಮಿಕ್ಸ್' ತೂತಿನಿಂದ ಕಟ್‌ಆಫಿಗೆ ಒಯ್ಯಿ. ಈಗ 'ವಿಸಿ ಮಿಕ್ಸ್' ಗುಂಡಿ ಚಮಚವಾಯಿತು. ಹೊಸಬರು ಮಾಡ್ಯುಲರ್ ಅಂದರೆ ಗದ್ದಲ ಅಂದುಕೊಳ್ಳುವುದು ಈ ಒಂದು ಗುಂಡಿ ಗೊತ್ತಿಲ್ಲದ್ದರಿಂದ.

ಸ್ವರಸ್ಥಾನದ ಲೆಕ್ಕ ಸುಲಭ. ಒಂದು ವೋಲ್ಟ್ ಏರಿದರೆ ಒಂದು ಸ್ಥಾಯಿ. ಅದನ್ನು ಹನ್ನೆರಡು ಭಾಗ ಮಾಡಿದರೆ ಒಂದೊಂದು ಸ್ವರಕ್ಕೆ ಸುಮಾರು 83 ಮಿಲಿವೋಲ್ಟ್. ನಾಲ್ಕೈದು ಮಿಲಿವೋಲ್ಟ್ ಆಚೀಚೆ ಆದರೂ ನಿನ್ನ ಕಿವಿ ಮುಖ ಸಿಂಡರಿಸುತ್ತದೆ. ಹಾಗಾಗಿ ಆನ್ ಮಾಡಿ ಕಾಲು ಗಂಟೆ ಬೆಚ್ಚಗಾಗಲು ಬಿಟ್ಟು ಆಮೇಲೆ ಶ್ರುತಿ ಮಾಡು. ಗ್ಲೈಡ್ ಗುಂಡಿ ತಿರುಗಿಸಿದರೆ ಜಾರು ಬರುತ್ತದೆ, ಆದರೆ ಅದನ್ನೇ ಗಮಕ ಅಂತ ಮೇಷ್ಟ್ರ ಮುಂದೆ ಕೇಳಿಸಬೇಡ. ವೀಣೆಯ ತಂತಿ ಎಳೆಯುವ ಬೆರಳು ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು ಅಂತ ಬಲ್ಲದು. ಯಂತ್ರಕ್ಕೆ ಹೋಗಿ ತಲುಪುವುದಷ್ಟೇ ಗೊತ್ತು.

ಮೋಗ್ ನಮ್ಮ ದೇಶಕ್ಕೆ ಹೊಸದೇನಲ್ಲ. ಕಲಾವಿದ ಡೇವಿಡ್ ಟ್ಯೂಡರ್ 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದು ಒಂದು ಮೋಗ್ ಯಂತ್ರ ಕೂರಿಸಿಕೊಟ್ಟ. ನಮ್ಮ ದೇಶದ ಕೆಲವರು ಅದರಲ್ಲಿ ಸಂಗೀತ ಮಾಡಿ ಟೇಪಿಗೆ ಹಾಕಿದರು. ಆ ಟೇಪುಗಳು ದಶಕಗಳ ಕಾಲ ಕಪಾಟಿನಲ್ಲಿ ಮಲಗಿದ್ದು ಈಚೆಗೆ ಹೊರಬಂದಿವೆ, ಕೇಳು. ಆಸೆಯಾದಾಗ ಆನ್‌ಲೈನಿನಲ್ಲಿ ಮಾಡ್ಯೂಲ್ ತರಿಸುವ ಸೌಕರ್ಯ ಅವರಿಗಿರಲಿಲ್ಲ.

ನನಗಿತ್ತು. ಹಾಗಾಗಿ ಹೇಳುತ್ತೇನೆ. ನಿನ್ನ ಹಾಗೆಯೇ ಅವಸರಪಟ್ಟು ಎರಡು ತಿಂಗಳಲ್ಲಿ ಕೇಸು ತರಿಸಿ ಮಾಡ್ಯೂಲ್ ಜೋಡಿಸಹೊರಟೆ. ಹಿಂಬದಿಯ ಪಟ್ಟಿ ಕೇಬಲ್ಲಿಗೆ ಒಂದು ಅಂಚಿನಲ್ಲಿ ಕೆಂಪು ಗೆರೆ ಇರುತ್ತದೆ, ಅದು ಮೈನಸ್ 12 ವೋಲ್ಟಿನ ಕಡೆಗೆ ಬರಬೇಕು. ನಲವತ್ತು ವರ್ಷ ಬೆಸುಗೆ ಹಾಕಿದವನು ತಿರುಗುಮುರುಗು ಚುಚ್ಚಿ ಆನ್ ಮಾಡಿದೆ. ಮೀನು ಹುರಿದಂಥ ವಾಸನೆ ಬಂತು. ಸುಟ್ಟದ್ದು ಮಾಡ್ಯೂಲ್, ಅದಕ್ಕಿಂತ ಹೆಚ್ಚು ಸುಂಕ ಕಟ್ಟಿದ ದುಡ್ಡು. ನಿನಗೆ ಮಾಡ್ಯೂಲಿನ ತುರಿಕೆ ತಡೆಯಲಾಗದಿದ್ದರೆ ವಿಸಿವಿ ರ‍್ಯಾಕ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ, ಲ್ಯಾಪ್‌ಟಾಪಿನಲ್ಲಿ ಎಷ್ಟು ಬೇಕಾದರೂ ಜೋಡಿಸಿ ಕೆರೆದುಕೋ.

ಒಂದು ಮಾತು ಮರೆತಿದ್ದೆ. ನೀನು ತಿರುಗಿಸಿಟ್ಟ ಗುಂಡಿಗಳೂ ಚುಚ್ಚಿದ ವೈರುಗಳೂ ಈ ಯಂತ್ರಕ್ಕೆ ನೆನಪಿರುವುದಿಲ್ಲ. ಇವತ್ತು ಸಿಕ್ಕಿದ ನಾದ ವೈರು ಕಿತ್ತ ಮೇಲೆ ಹೋಯಿತು. ಇನ್ನೂರು ಪುಟದ ನೋಟ್‌ಬುಕ್ ತಗೋ. ಯಾವ ತೂತಿನಿಂದ ಯಾವ ತೂತಿಗೆ, ಗುಂಡಿ ಎಷ್ಟು ಗಂಟೆಗೆ, ಕೇಳಿದ್ದು ಹೇಗಿತ್ತು, ಬರಿ. ಫೋಟೊ ತೆಗೆದರೆ ಸಾಲದು, ಫೋಟೊಗೆ ಕಿವಿ ಇಲ್ಲ. ಹೆಡ್‌ಫೋನ್ ಹಾಕುವ ಮೊದಲು ವಾಲ್ಯೂಮ್ ಇಳಿಸು. ನಿನ್ನ ವಯಸ್ಸಿನಲ್ಲಿ ಇಳಿಸದೇ ಹೋದ್ದಕ್ಕೆ ನನ್ನ ಎಡಗಿವಿ ಈಗಲೂ ಗುಂಯ್‌ಗುಡುತ್ತದೆ.

ಹಬ್ಬಕ್ಕೆ ಬರುವಾಗ ಪೆಟ್ಟಿಗೆ ಹೊತ್ತು ತರಬೇಡ, ನೋಟ್‌ಬುಕ್ ತಾ. ನಲವತ್ತು ಪುಟ ತುಂಬಿದ್ದರೆ ಮಾಡ್ಯೂಲಿನ ವಿಷಯ ಮಾತಾಡೋಣ. ತುಂಬದಿದ್ದರೂ ಬಾ, ನಿನ್ನ ದೊಡ್ಡಮ್ಮ ಹಲಸಿನ ಹಪ್ಪಳ ಒಣಗಿಸಿಟ್ಟಿದ್ದಾಳೆ.